ವಾಷಿಂಗ್ ಮಷಿನ್ ಮೇಲೆ ಕೂತ ಹೂದಾನಿ

ಇದು ನಾನೇ ಮಾಡಿದ್ದು ಅಂತ ಎದೆಯುಬ್ಬಿಸಿ ತೋರಿಸುವ ಒಂದು ವಸ್ತುವೂ ಐವತ್ತು ವರ್ಷ ತುಂಬುವವರೆಗೆ ನನ್ನ ಬಳಿ ಇರಲಿಲ್ಲ. ಹಳಿಯಾಳದ ಒಂದು ಬೀಜದಂಗಡಿಯಲ್ಲಿ ಜೋಳ, ಕಡಲೆ ತೂಗಿ ಕೊಡುವುದು ನನ್ನ ಕೆಲಸ. ಬೆಳೆಯುವವರು ಬೇರೆ, ತಿನ್ನುವವರು ಬೇರೆ, ನಡುವೆ ನಾನು. ಮನೆಯಲ್ಲಿ ಒಂದು ಮೊಳೆ ಹೊಡೆದರೆ ಮೊಳೆಯೊಂದು ಉಳಿದು ಗೋಡೆ ಉದುರುತ್ತದೆ. ಇಂಥ ನನಗೆ ಈ ಸಲ ಮಳೆ ನಿಂತ ಮೇಲೆ ಹೂದಾನಿ ಮಾಡುವ ಹುಚ್ಚು ಹಿಡಿಯಿತು. ಕಾರಣ, ದಾಂಡೇಲಿಯ ನಮ್ಮ ಮನೆ ಹಿತ್ತಲಲ್ಲಿ ಚೆಂಡು ಹೂವು, ಕೋಳಿಜುಟ್ಟು ಸೊಕ್ಕಿ ನಿಂತಿದ್ದವು. ನಮ್ಮ ಕಡೆ ಹೂವು ಅಂದರೆ ದೇವರಿಗೆ, ಇಲ್ಲವೇ ಮುಡಿಗೆ. ದಂಟಿನ ಸಮೇತ ಕೊಯ್ದು, ನೀರಲ್ಲಿ ನಿಲ್ಲಿಸಿ, ಸುಮ್ಮನೆ ನೋಡುತ್ತ ಕೂಡುತ್ತೇನೆ ಅಂದರೆ ಜನ ಹೂವು ಬಿಟ್ಟು ನಿಮ್ಮನ್ನೇ ನೋಡುತ್ತಾರೆ.

ತೇರಗಾಂವದ ಕುಂಬಾರ ಮಲ್ಲಪ್ಪ ನಮ್ಮ ಅಂಗಡಿಯ ಗಿರಾಕಿ. ಅವನ ತಿಗರಿಯ ಮುಂದೆ ಎರಡು ರವಿವಾರ ಕೂತೆ. ಮೊದಲನೆಯದು ಹೂದಾನಿಯಾಗಲು ಹೋಗಿ ತಾಟಾಯಿತು, ಎರಡನೆಯದು ಏನಾಯಿತೆಂದು ಮಲ್ಲಪ್ಪನಿಗೂ ತಿಳಿಯಲಿಲ್ಲ. ಮೂರನೆಯದು ನಿಂತಿತು, ಆದರೆ ಎಡಕ್ಕೆ ವಾಲಿಕೊಂಡು. ಮಲ್ಲಪ್ಪ ತಾನೂ ತಲೆ ವಾಲಿಸಿ ಅದನ್ನು ನೋಡಿ, “ಸಾಹೇಬ್ರ, ಇದು ಯಾರನ್ನ ಹುಡಕಾಕತ್ತೈತ್ರಿ?” ಅಂದ. ನನಗೇನೋ ಆ ವಾಲುವಿಕೆಯೇ ಕಲೆ ಅನಿಸಿತು. ಆಗ ನವರಾತ್ರಿಯಲ್ಲಿ ದೇವಿಯೆಂದು ಕೂಡಿಸಿ ಪೂಜಿಸುವ ಗಡಿಗೆ, ಅಂದರೆ ಘಟ, ಸುಡುವ ಸಮಯ. ಅವುಗಳ ಜೊತೆ ಇದನ್ನೂ ಸುಟ್ಟು, ಅವಕ್ಕೆಲ್ಲ ಎಳೆದಂತೆ ಇದಕ್ಕೂ ಸುಣ್ಣದ ಗೆರೆ ಎಳೆದು ಪ್ರೀತಿಯಿಂದ ಕೊಟ್ಟ. ನೀರು ಹಾಕಿದರೆ ಒಸರುತ್ತಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು, ನಾನು ಅದನ್ನೂ ಕ್ಷಮಿಸಿದೆ.

ಮನೆಯಲ್ಲಿ ಕಿಟಕಿಯ ಬೆಳಕು ಚೆನ್ನಾಗಿ ಬೀಳುವುದು ವಾಷಿಂಗ್ ಮಷಿನ್ ಮುಚ್ಚಳದ ಮೇಲೆ ಮಾತ್ರ. ಅಲ್ಲಿ ಹೂದಾನಿ ಇಟ್ಟು, ಚೆಂಡು ಹೂವು, ಕೋಳಿಜುಟ್ಟು, ತೇರಗಾಂವದ ಹೊಲದಿಂದ ತಂದ ಹಳದಿ ಗುರೆಳ್ಳು ಹೂವು ಎಲ್ಲವನ್ನೂ ಒಂದು ತಾಸು ಕೂತು ಜೋಡಿಸಿದೆ. “ರೀ, ಅದನ್ನ ತಗೀರಿ, ಒಳಗ ಒಗದ ಅರಬಿ ಅದಾವು,” ಅಂದಳು ಹೆಂಡತಿ. ಹತ್ತು ನಿಮಿಷ ತಡಿ ಅಂದೆ. ಆ ಹತ್ತು ನಿಮಿಷದಲ್ಲೇ, ಹಬ್ಬಕ್ಕೆಂದು ಧಾರವಾಡದಿಂದ ಬಂದಿದ್ದ ನಮ್ಮತ್ತೆ ಸ್ನಾನ ಮುಗಿಸಿ ಹೊರಗೆ ಬಂದರು. ಅಂದು ನವರಾತ್ರಿಯ ಮೊದಲ ದಿನ. ಸುಣ್ಣದ ಗೆರೆಯ ಗಡಿಗೆ, ಅದರ ತುಂಬ ಹೂವು. ಅವರ ಕಣ್ಣಲ್ಲಿ ನೀರೇ ಬಂತು.

“ಅಳಿಯಂದ್ರು ಘಟಾ ಕೂಡಿಸ್ಯಾರ! ನಾ ಇವರನ್ನ ದೇವರು ದಿಂಡರು ಇಲ್ಲದ ಮನಶ್ಯಾ ಅಂತ ತಿಳದಿದ್ದೆ.”

ನಾನು ಬಾಯಿ ತೆರೆಯುವ ಮೊದಲೇ ಗಡಿಗೆಗೆ ಅರಿಸಿನ ಕುಂಕುಮ ಬಿತ್ತು, ಸುತ್ತ ಮಣ್ಣು ಹರಡಿ ಜೋಳದ ಕಾಳು ಬಿತ್ತಿದ್ದಾಯಿತು, ದೀಪ ಹತ್ತಿತು. ಒಮ್ಮೆ ಕೂತ ಘಟವನ್ನು ಒಂಬತ್ತು ದಿನ ಅಲುಗಾಡಿಸುವಂತಿಲ್ಲ. ಹತ್ತನೆಯ ದಿನ ಕಾಳಿ ಹೊಳೆಗೆ ಬಿಡಬೇಕು. ಹೊಳೆಗೆ! ನನ್ನ ಜನ್ಮದ ಏಕೈಕ ಕಲಾಕೃತಿ! ಹೆಂಡತಿ ಕಿವಿಯಲ್ಲಿ, “ನಿಮ್ಮ ಪ್ಯಾಂಟ್ ಒಳಗೈತಿ,” ಅಂದಳು. ನಿಜ ಹೇಳಿಬಿಡಬಹುದಿತ್ತು. ಆದರೆ ಮದುವೆಯಾದ ಇಪ್ಪತ್ತೆರಡು ವರ್ಷಗಳಲ್ಲಿ ಅತ್ತೆ ನನ್ನನ್ನು ಹೊಗಳಿದ್ದು ಅದೇ ಮೊದಲು. ಆ ರುಚಿ ಬಿಡಲಾಗಲಿಲ್ಲ.

ದಿನಾ ಸಂಜೆ ಓಣಿಯ ಹೆಂಗಸರೆಲ್ಲ ಆರತಿಗೆ ಬಂದರು. ಒಬ್ಬರಾದರೂ ಹೂವಿನ ಜೋಡಣೆ ನೋಡಿ ‘ಛಂದ ಐತಿ’ ಅಂದಾರು ಅಂತ ನಾನು ಬಾಗಿಲಲ್ಲೇ ನಿಲ್ಲುತ್ತಿದ್ದೆ. ಕೈ ಮುಗಿಯುವವರು ಕಣ್ಣು ಮುಚ್ಚುತ್ತಾರೆ ಎಂಬುದು ನನಗೆ ಹೊಳೆದದ್ದು ಆಗಲೇ. ಕಣ್ಣು ಬಿಟ್ಟು ನೋಡಿದವನು ಒಬ್ಬನೇ, ಮಷಿನ್ ರಿಪೇರಿ ಮಾಡುವ ರಫೀಕ್. ಒಳಗಿನ ಬಟ್ಟೆಯ ಗತಿ ಏನೆಂದು ಕೇಳಲು ಹೆಂಡತಿ ಅವನನ್ನು ಕರೆಸಿದ್ದಳು. ಅವನು ಚಪ್ಪಲಿ ಹೊರಗೆ ಬಿಟ್ಟು ಬಂದು, ಸೊಂಟದ ಮೇಲೆ ಕೈಯಿಟ್ಟು ನನ್ನ ಹೂದಾನಿಯನ್ನು ಎಷ್ಟೋ ಹೊತ್ತು ದಿಟ್ಟಿಸಿದ. ನನ್ನ ಎದೆ ಹಿಗ್ಗಿತು. ಕೊನೆಗೆ ಅವನು, “ಸಾಹೇಬ್ರ, ನಿಮ್ಮ ಮಷಿನ್ ಲೆವೆಲ್ ಇಲ್ರಿ,” ಅಂದ. ಗಡಿಗೆಯನ್ನು ಮುಟ್ಟದೆ, ಅದು ನೆಟ್ಟಗೆ ಕಾಣುವವರೆಗೆ ಮಷಿನ್ ಕಾಲಿನ ಕೆಳಗೆ ಕಟ್ಟಿಗೆಯ ತುಂಡು ಕೊಡುತ್ತ ಹೋದ. ಮಷಿನ್ ಬಲಕ್ಕೆ ವಾಲಿತು. ಅತ್ತೆ ಬಂದು ನೋಡಿ, “ತಾಯಿ ನೆಟ್ಟಗಾದಳು!” ಅಂತ ಕೂಗಿದರು. ಮರುದಿನ ಆರತಿಗೆ ಪಕ್ಕದ ಓಣಿಯೂ ಬಂತು.

ಹತ್ತನೆಯ ದಿನ ಬೆಳಿಗ್ಗೆ ಅತ್ತೆ ಘಟ ಎತ್ತಿ ಕೆಳಗಿಟ್ಟರು. ನಾನು, “ಅತ್ತಿ, ಹೊಳಿಗೆ ಬ್ಯಾರೆ ಗಡಿಗಿ ಬಿಡೂಣೇನ್ರಿ?” ಅಂದೆ. ಅವರು ನೋಡಿದ ನೋಟಕ್ಕೆ ನಾನು ಜಾಗಟೆ ಕೈಗೆತ್ತಿಕೊಂಡೆ. ಅಷ್ಟರಲ್ಲಿ ಹೆಂಡತಿ, ಒಂಬತ್ತು ದಿನ ಕಾದವಳು, ಮಷಿನ್ ಮುಚ್ಚಳ ತೆಗೆದಳು. ವಾಸನೆಗೆ ನೆರೆದವರೆಲ್ಲ ಮೂರು ಹೆಜ್ಜೆ ಹಿಂದೆ ಸರಿದರು. ಆಮೇಲೆ ಮೂಗು ಮುಚ್ಚಿಕೊಂಡು ಬಗ್ಗಿದರು. ನನ್ನ ಪ್ಯಾಂಟಿನ ಜೇಬಿನಿಂದ ಗೇಣುದ್ದದ ಜೋಳದ ಸಸಿಗಳು ಎದ್ದು ನಿಂತಿದ್ದವು! ಅಂಗಡಿಯಲ್ಲಿ ಗಿರಾಕಿಗೆ ತೋರಿಸಿ ಮರೆತು ಜೇಬಿಗೆ ಹಾಕಿಕೊಂಡ ಒಂದು ಹಿಡಿ ಬೀಜ ಅದು. ನನ್ನ ಗಡಿಗೆ ಒಂಬತ್ತು ದಿನ ಒಸರಿ ಒಸರಿ, ಮುಚ್ಚಳದ ಸಂದಿಯಿಂದ ಅದಕ್ಕೆ ನೀರುಣಿಸಿತ್ತು. ಹೊರಗಿನ ಮಣ್ಣಿನಲ್ಲಿ ಬಿತ್ತಿದ್ದು ಬೆರಳುದ್ದವೂ ಬಂದಿರಲಿಲ್ಲ. ಸಸಿ ಎಷ್ಟು ಎತ್ತರವೋ ಮನೆಗೆ ಅಷ್ಟು ಏಳಿಗೆ ಅನ್ನುವ ಲೆಕ್ಕ ನಮ್ಮವರದು.

“ತಾಯಿ ಗಡಗ್ಯಾಗ ಕುಂತೇ ಇಲ್ಲ,” ಅಂದರು ಅತ್ತೆ, ಸಸಿಗಳಿಗೆ ಕೈ ಮುಗಿದು. “ಪ್ಯಾಂಟಿನ್ಯಾಗ ಕುಂತಿದ್ದಳು!”

ಹೀಗೆ ನನ್ನ ಪ್ಯಾಂಟು ತಾಟಿನಲ್ಲಿ ಕೂತು, ಅರಿಸಿನ ಕುಂಕುಮ ಧರಿಸಿ, ಜಾಗಟೆಯ ಜೊತೆ ಕಾಳಿ ಹೊಳೆಗೆ ಹೋಯಿತು. ಹಬ್ಬದ ರೂಢಿಯಂತೆ ಗಂಡಸರೆಲ್ಲ ಅದರ ಸಸಿಗಳನ್ನು ಕಿವಿಗೆ ಸಿಕ್ಕಿಸಿಕೊಂಡರು. ನನಗೆ ಸಂಕಟವೇನೂ ಆಗಲಿಲ್ಲ. ಹೂದಾನಿ ಉಳಿದಿತ್ತು!

ಮನೆಗೆ ಬಂದವನೇ ಅದನ್ನು ತೊಳೆದು, ಹೊಸ ಚೆಂಡು ಹೂವು ಹಾಕಿ, ಪಡಸಾಲೆಯ ನಡುವೆ ಸಪಾಟು ನೆಲದ ಮೇಲೆ ಇಟ್ಟೆ. ಅತ್ತೆ ಅದರ ಮುಂದೆ ನಿಂತರು. ಈ ಸಲ ಕೈ ಮುಗಿಯಲಿಲ್ಲ. ಹತ್ತು ದಿನದಲ್ಲಿ ಮೊದಲ ಬಾರಿಗೆ ಕಣ್ಣು ಪೂರ್ತಿ ತೆರೆದು, ಬಾಯಿಂದ ಬುಡದವರೆಗೆ ನೋಡಿದರು. ನಾನು ಒಂದು ಹೂವಿನ ದಂಟು ಸರಿಪಡಿಸಿ ಪಕ್ಕಕ್ಕೆ ನಿಂತೆ.

“ಅಳಿಯಂದ್ರ, ಏನ್ರೀ ಇದು ಇಷ್ಟ ಸೊಟ್ಟ ಐತಿ? ಯಾರ ಮಾಡ್ಯಾರ ಇದನ್ನ?”

“ತೇರಗಾಂವದ ಕುಂಬಾರ ರೀ,” ಅಂದೆ.