ಮಾಮಾ ಹಿಡಿದ ಉಸಿರು

ನಮ್ಮ ಮಾಮಾ ಅಪ್ಪಣೆಯಿಲ್ಲದೆ ಉಸಿರು ಕೂಡ ಬಿಡುತ್ತಿರಲಿಲ್ಲ. ಇದೇನೋ ಮಾತಿಗೆ ಹೇಳಿದ್ದು ಅಂದುಕೊಳ್ಳಬೇಡಿ, ನಿಜಕ್ಕೂ ಬಿಡುತ್ತಿರಲಿಲ್ಲ! ಈ ಗುಣದಿಂದಾಗಿ ಅವರು ನನ್ನ ಕೈಯಲ್ಲಿ ಸಾಯುವುದೊಂದು ಬಾಕಿ ಇತ್ತು.

ಮಾಮಾ ಅಂದರೆ ನನ್ನ ತಾಯಿಯ ಅಣ್ಣ. ಗೂಡ್ಸ್ ಗಾಡಿಯ ಗಾರ್ಡ್ ಆಗಿ ನಿವೃತ್ತರಾಗಿ ಹೈದರಾಬಾದಿನ ಮಲ್ಕಾಜ್‌ಗಿರಿಯಲ್ಲಿ ಮನೆ ಮಾಡಿದ್ದರು. ನೌಕರಿ ಮುಗಿದರೂ ಸಿಗ್ನಲ್ಲಿನ ಚಟ ಮುಗಿಯಲಿಲ್ಲ. ತಾಟಿನ ಮುಂದೆ ಕೂತರೆ ಮಾಮಿ "ಶುರು ಮಾಡ್ರಿ" ಅನ್ನುವ ತನಕ ತುತ್ತು ಎತ್ತುತ್ತಿರಲಿಲ್ಲ. ಒಮ್ಮೆ ಕ್ಷೌರದವನು ಕೆಲಸ ಮುಗಿಸಿ, ಆಯಿತೆಂದು "ಹೋ ಗಯಾ ಸಾಬ್" ಅನ್ನಲು ಮರೆತು ಚಹಾಕ್ಕೆ ಹೋದನಂತೆ. ಇವರು ಅರ್ಧ ಗಂಟೆ ಕುರ್ಚಿ ಬಿಟ್ಟು ಏಳಲಿಲ್ಲ. ಕಾದಿದ್ದ ಗಿರಾಕಿಗಳು ಗಲಾಟೆ ಮಾಡಿದರೆ "ಲೈನ್ ಕ್ಲಿಯರ್ ಆಗಿಲ್ಲ" ಅಂದರಂತೆ.

ಯೂನಿವರ್ಸಿಟಿಯಲ್ಲಿ ಎಕ್ಸ್‌ರೇ ತೆಗೆಯುವ ವಿದ್ಯೆ ಓದಲೆಂದು ನಾನು ರಾಯಚೂರಿನಿಂದ ಇವರ ಮನೆಗೆ ಬಂದೆ. ಹೆಣ್ಣುಮಗಳು ಕತ್ತಲೆ ಕೋಣೆಯಲ್ಲಿ ಕೂತು ಕಂಡವರ ಎಲುಬು ನೋಡುವುದು ಎಂಥ ಓದು ಎಂದು ಅಪ್ಪನ ತಕರಾರು. ಮಾಮಾ ಜಗಳ ಮಾಡಿ ಒಪ್ಪಿಸಿದ್ದರು. ಆದರೂ ಅಪ್ಪ ಒಂದು ಷರತ್ತು ಹಾಕಿಯೇ ಕಳಿಸಿದರು: ಫೇಲಾದರೆ ಮರುದಿನವೇ ವಾಪಸ್ಸು.

ಪುಸ್ತಕದಲ್ಲಿ ಎಲುಬುಗಳು ಬೆಳ್ಳಗೆ, ಚೊಕ್ಕಟವಾಗಿದ್ದವು. ಆಸ್ಪತ್ರೆಯಲ್ಲಿ ಅವುಗಳಿಗೆ ಮನುಷ್ಯರು ಅಂಟಿಕೊಂಡಿದ್ದರು. ಮೊದಲ ವಾರವೇ ಬಾಲಾನಗರದ ಕಾರ್ಖಾನೆಯೊಂದರಿಂದ ಯಂತ್ರಕ್ಕೆ ಕೈ ಸಿಕ್ಕವನೊಬ್ಬನನ್ನು ತಂದರು. ಅವನು ನನಗೆ ಮೆಲ್ಲಗೆ, "ಫೋಟೋಲೋ ಐದು ವೇಳ್ಳೂ ರಾವಾಲಿ, ಮೇಡಂ" ಅಂದ. ಫೋಟೋದಲ್ಲಿ ಐದೂ ಬೆರಳು ಬರಬೇಕಂತೆ. ಉಳಿದಿದ್ದವು ಎರಡು. ಮನೆಗೆ ಬಂದು ಇದನ್ನು ಹೇಳಿದೆ. ಅವತ್ತು ಮಾಮಿ ಮೂರು ಸಲ "ಶುರು ಮಾಡ್ರಿ" ಅಂದರೂ ಮಾಮಾ ಊಟ ಶುರು ಮಾಡಲಿಲ್ಲ.

ನನ್ನ ಕಥೆ ಕೆಟ್ಟದ್ದು ಎದೆಯ ಎಕ್ಸ್‌ರೇಯಲ್ಲಿ. ರೋಗಿಯನ್ನು ಫಿಲ್ಮು ತುಂಬಿದ ಕ್ಯಾಸೆಟ್ಟಿಗೆ ಎದೆ ಆನಿಸಿ ನಿಲ್ಲಿಸಬೇಕು, ಉಸಿರು ಎಳೆದು ಹಿಡಿಯಲು ಹೇಳಬೇಕು, ಗುಂಡಿ ಒತ್ತಬೇಕು, ಬಿಡಲು ಹೇಳಬೇಕು. ನಾನು ಮೊದಲ ಮೂರು ಮಾಡಿ ನಾಲ್ಕನೆಯದನ್ನು ನುಂಗಿಬಿಡುತ್ತಿದ್ದೆ! ಕಾಲೇಜಿನ ಪರೀಕ್ಷೆಯ ದಿನ ಒಬ್ಬ ಮುದುಕಿಯನ್ನು ಹಾಗೇ ನಿಲ್ಲಿಸಿ ಫಿಲ್ಮು ತೊಳೆಯಲು ಡಾರ್ಕ್ ರೂಮಿಗೆ ಹೊರಟುಬಿಟ್ಟೆ. ಪಾಪದ ಜೀವ, ಹಿಡಿಯುವಷ್ಟು ಹಿಡಿದು ಕೆಮ್ಮುತ್ತ ಕುಸಿದು ಕೂತಿತು. ನಮ್ಮ ಮೇಷ್ಟ್ರು ಆಕೆಗೆ ನೀರು ಕುಡಿಸಿ ನನ್ನತ್ತ ತಿರುಗಿದರು. "ಪಟ್ಟುಕೋಮನಿ ನುವ್ವು ಚೆಪ್ಪಾವು. ವದಲಮನಿ ಎವರು ಚೆಪ್ತಾರು, ಯಮುಡಾ?" ಹಿಡಿ ಅಂದವಳು ನೀನು, ಬಿಡು ಅನ್ನುವವನು ಯಮನೇನು? ಸೊನ್ನೆ ಹಾಕಿದರು. ಇನ್ನು ಉಳಿದದ್ದು ವರ್ಷದ ಕೊನೆಯ ಪರೀಕ್ಷೆಯೊಂದೇ; ಪಾಸೋ ಫೇಲೋ ತೀರ್ಮಾನವಾಗುವುದು ಅದರಲ್ಲೇ.

"ಅಳಬ್ಯಾಡ. ನಾ ಅದೀನಲ್ಲ, ನನ್ನ ಮ್ಯಾಲ ಕಲಿ," ಅಂದರು ಮಾಮಾ.

ಅವತ್ತಿನಿಂದ ದಿನಾ ಸಂಜೆ ಕಬ್ಬಿಣದ ಅಲ್ಮಾರಿಗೆ ಕ್ಯಾಲೆಂಡರಿನ ರಟ್ಟು ಅಂಟಿಸುವುದು, ಮಾಮಾ ಬನಿಯನ್ನಿನಲ್ಲಿ ಗದ್ದ ಎತ್ತಿ, ಭುಜ ಮುಂದೆ ಮಾಡಿ ಅದಕ್ಕೆ ಎದೆ ಆನಿಸಿ ನಿಲ್ಲುವುದು, ನಾನು ಅಡಿಗೆಮನೆ ಬಾಗಿಲ ಹಿಂದಿನಿಂದ ಕೂಗುವುದು. ಅವರ ಕೈಯಲ್ಲಿ ಗಾರ್ಡ್ ಕಾಲದ ಗಡಿಯಾರ. ಮೊದಲ ದಿನ "ಹಿಡೀರಿ" ಅಂದೆ, ಕುಕ್ಕರ್ ಕೂಗಿತು, ಹೋಗಿ ಒಲೆ ಆರಿಸಿದೆ, ಮಾಮಿಯ ಜೊತೆ ಮಾತಿಗೆ ನಿಂತೆ. ಮಾಮಿಯೇ ಹೊರಗೆ ಇಣುಕಿ ಕಂಗಾಲಾದರು.

"ಲಗೂನ ಬಿಡ್ರಿ ಅನ್ನವಾ. ನನ್ನ ಕುಂಕುಮ ನಿನ್ನ ನಾಲಿಗಿ ಮ್ಯಾಲ ಐತಿ."

ಮಾಮಾನ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಉಸಿರು ಮರಳಿದ ಮೇಲೆ ಅವರು ಹೇಳಿದ್ದಿಷ್ಟೇ: "ಮೂವತ್ತೆರಡು ಸೆಕೆಂಡ್. ಇನ್ನೂ ಹಿಡೀತಿದ್ದೆ."

ಹೈದರಾಬಾದಿನ ರೋಗಿಗಳು ಒಂದೇ ಭಾಷೆಯವರೇ? ಆದ್ದರಿಂದ ಪಾಠ ಮೂರು ಭಾಷೆಯಲ್ಲಿ ನಡೆಯಬೇಕೆಂದು ಮಾಮಾನದೇ ಹುಕುಂ. ಒಮ್ಮೆ ತೆಲುಗಿನಲ್ಲಿ "ಆಪಂಡಿ" ಎಂದು ಹಿಡಿಸಿ, ಗಡಿಬಿಡಿಯಲ್ಲಿ ಹಿಂದಿಯ "ಛೋಡೋ" ಅಂದೆ. ಬಿಡಲೇ ಇಲ್ಲ! ನಾನು "ವದಲಂಡಿ" ಎಂದು ಕಿರುಚಿದ ಮೇಲೆ ಏದುಸಿರು ಬಿಡುತ್ತ, "ಒಂದ್ ಟೇಶನ್ನಿನ ಸಿಗ್ನಲ್ಲಿಗೆ ಇನ್ನೊಂದ್ ಟೇಶನ್ನಿನ ಗಾಡಿ ಬಿಡ್ತಾರೇನು?" ಅಂದರು.

ದಸರಾ ಹೊತ್ತಿಗೆ, ಎಷ್ಟು ಹಟ ಮಾಡಿದರೂ, ಮಾಮಾ ಉಸಿರು ಹಿಡಿಯುವುದು ಮೂವತ್ತೆರಡರಿಂದ ಇಪ್ಪತ್ತು ಸೆಕೆಂಡಿಗೆ ಇಳಿಯಿತು. ಸಂಕ್ರಾಂತಿಗೆ ಹನ್ನೊಂದು. ಮಾಮಾ ಗಡಿಯಾರವನ್ನು ಅನುಮಾನದಿಂದ ನೋಡಿ, "ಇದು ನಿಧಾನ ಓಡಾಕತ್ತೈತಿ" ಅಂದರು. ರಿಪೇರಿಯವನು ಕಣ್ಣಿಗೆ ಮಸೂರ ಸಿಕ್ಕಿಸಿ ನೋಡಿ, "ಘಡಿ ಏಕ್‌ದಂ ಸಹೀ ಹೈ" ಅಂದ; ಗಡಿಯಾರ ಸರಿಯಾಗೇ ಇದೆಯಂತೆ. ಮಾಮಾ ಎರಡನೆಯವನಲ್ಲಿಗೆ ಹೋದರು, ಮೂರನೆಯವನಲ್ಲಿಗೂ ಹೋದರು. ಎದೆಯ ಫಿಲ್ಮುಗಳ ನಡುವೆ ದಿನ ಕಳೆಯುತ್ತಿದ್ದ ನಾನು ಏನು ಮಾಡಿದೆ ಗೊತ್ತೇ? ನಾಲ್ಕನೆಯವನ ವಿಳಾಸ ಹುಡುಕಿಕೊಟ್ಟೆ.

ಮಾಮಿ ಮಾತ್ರ, "ಒಂದ್ ಸಲ ಎದಿ ಫೋಟೋ ತಗಿಸಿಕೊಳ್ರಿ, ಕೆಮ್ಮು ಭಾಳ ಆಗೇತಿ," ಅನ್ನುತ್ತಿದ್ದರು. "ಆಕಿ ಪಾಸಾಗಲಿ, ಆಕಿನೇ ತಗೀತಾಳ. ಅಲ್ಲೀತನಕ ಸಿಗ್ನಲ್ ಇಲ್ಲ," ಅನ್ನುವರು ಮಾಮಾ. ನಾನು ನಕ್ಕೆ. ಆ ನಗುವಿಗಾಗಿ ನನ್ನನ್ನು ನಾನು ಇನ್ನೂ ಕ್ಷಮಿಸಿಕೊಂಡಿಲ್ಲ.

ಮುಂದೆ ಪರೀಕ್ಷೆ ಆಯಿತು, ಪಾಸೂ ಆದೆ. ಆ ಹೊತ್ತಿಗೆ ಮಾಮಾ ಇರಲಿಲ್ಲ. ನನ್ನ ಮಟ್ಟಿಗೆ ಪರೀಕ್ಷೆ ನಡೆದದ್ದು ಅದಕ್ಕಿಂತ ಮೂರು ವಾರ ಮೊದಲು, ಅವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ನಮ್ಮ ಎಕ್ಸ್‌ರೇ ಕೋಣೆಗೆ ತಂದ ದಿನ. "ನೀನೇ ತೆಗೆ," ಅಂದರು ಮೇಷ್ಟ್ರು. ಬೆನ್ನ ಹಿಂದೆ ಕ್ಯಾಸೆಟ್ ಇಟ್ಟೆ. ಮಾಮಾ ಅಲ್ಮಾರಿಯ ಮುಂದೆ ಮಾಡುತ್ತಿದ್ದಂತೆ ಗದ್ದ ಎತ್ತಿದರು, ಭುಜ ಮುಂದೆ ಮಾಡಿದರು. ಆದರೆ ಒಂದು ಸೆಕೆಂಡ್ ಕೂಡ ಹಿಡಿಯುವಂಥ ಉಸಿರಾಗಿರಲಿಲ್ಲ ಅದು. "ಹಿಡೀರಿ" ಅನ್ನಲು ನನಗೆ ಬಾಯಿ ಬರಲಿಲ್ಲ. ಬನಿಯನ್ ಏಳುವುದನ್ನೂ ಇಳಿಯುವುದನ್ನೂ ನೋಡುತ್ತ ನಿಂತೆ. ಅದು ಪೂರ್ತಿ ಎದ್ದ ಗಳಿಗೆಯಲ್ಲಿ ಗುಂಡಿ ಒತ್ತಿದೆ.

ಸೀಸದ ಪರದೆಯ ಹಿಂದಿನಿಂದ ಹೊರಗೆ ಬಂದರೆ ಮಾಮಾನ ಗದ್ದ ಇನ್ನೂ ಎತ್ತಿಯೇ ಇತ್ತು. ಕಾಯುತ್ತಿದ್ದರು.

"ಬಿಡ್ರಿ, ಮಾಮಾ," ಅಂದೆ.

ಭುಜ ಇಳಿಸಿದರು. "ನೀ ಹಿಡೀರಿ ಅನ್ನಲೇ ಇಲ್ಲ. ಅಂದಿದ್ರ ಹಿಡೀತಿದ್ದೆ."

"ಅಂದೆ ಮಾಮಾ, ನಿಮಗ ಕೇಳಿಸಿಲ್ಲ. ಚಲೋ ಹಿಡಿದ್ರಿ."

"ಎಷ್ಟಾತು?"

"ಮೂವತ್ತೆರಡು."

ಮಾಮಾ ಜೇಬಿನಿಂದ ಗಡಿಯಾರ ತೆಗೆದು ಕಿವಿಗೆ ಹಿಡಿದು ಸ್ವಲ್ಪ ಹೊತ್ತು ಕೇಳಿದರು. ಮುಖದಲ್ಲಿ ತಿಂಗಳುಗಳಿಂದ ಕಾಣದ ಸಮಾಧಾನ.

"ನಾ ಹೇಳಿರಲಿಲ್ಲ?" ಅಂದರು. "ಇದೇ ಕೆಟ್ಟಿತ್ತು."

"ಹೌದು ಮಾಮಾ, ಅದೇ ಕೆಟ್ಟಿತ್ತು," ಅಂದೆ. ಕ್ಯಾಸೆಟ್ ಎತ್ತಿಕೊಂಡು ಡಾರ್ಕ್ ರೂಮಿಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡೆ.