ಹೆರಿಗೆ ಕೋಣೆಯಲ್ಲಿ ಮದುವೆ ಫೋಟೋಗ್ರಾಫರ್

ನಾನು ಮದುವೆ ಫೋಟೋಗ್ರಾಫರ್. ಜೋಗುಪಾಳ್ಯದಲ್ಲಿ ನನ್ನ ಸ್ಟುಡಿಯೋ. ಮದುವೆ ಮನೆಯಲ್ಲಿ ಎಲ್ಲರಿಗಿಂತ ದೊಡ್ಡವರು ಪುರೋಹಿತರು ಎಂದು ನೀವು ತಿಳಿದಿದ್ದರೆ ಅದು ತಪ್ಪು. ತಾಳಿ ಕಟ್ಟಿಸುವ ಮುಂಚೆ ಪುರೋಹಿತರು ನನ್ನ ಮುಖ ನೋಡುತ್ತಾರೆ. ನಾನು "ತಡೀರಿ, ಫಿಲಂ ರೋಲ್ ಹಾಕ್ಬೇಕು" ಎಂದರೆ ಮುಹೂರ್ತವೇ ತಡೆಯುತ್ತದೆ. ವರ ತಾಳಿ ಹಿಡಿದ ಕೈಯನ್ನು ಹಾಗೇ ಎತ್ತಿಕೊಂಡು ನಿಂತಿರುತ್ತಾನೆ. ಹಾರ ಹಾಕಿದ್ದು ಸರಿಬರದಿದ್ದರೆ ತೆಗೆಸಿ ಮತ್ತೆ ಹಾಕಿಸುತ್ತೇನೆ. ಹನ್ನೊಂದು ವರ್ಷ ಹೀಗೆ ಆಳಿದವನಿಗೆ ತಲೆ ತಿರುಗದೆ ಇರುತ್ತದೆಯೇ?

ನನ್ನ ಹೆಂಡತಿ ಶರಣಮ್ಮ ರಾಯಚೂರು ಕಡೆಯವಳು. ಚೊಚ್ಚಲ ಹೆರಿಗೆಗೆ ತವರಿಗೆ ಹೋಗಬೇಕಿತ್ತು. ಆದರೆ ಅಲ್ಲಿ ತಾಯಿ ಇರಲಿಲ್ಲ. ತೀರಿಕೊಂಡು ಎರಡು ವರ್ಷವಾಗಿತ್ತು. ಹಾಗಾಗಿ ಹಲಸೂರಿನ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲೇ ಹೆರಿಗೆ ಎಂದು ತೀರ್ಮಾನವಾಯಿತು. ಅವಳು ನನ್ನನ್ನು ಕೇಳಿಕೊಂಡದ್ದು ಒಂದೇ.

"ನಂಗ ಭಾಳ ಅಂಜಿಕಿ ಆಗ್ಯದ್ರಿ. ನೀವೇನೂ ಮಾಡಬ್ಯಾಡ್ರಿ. ಕೈ ಹಿಡ್ಕೊಂಡು ಬಾಜೂಕ ನಿಂತ್ರ ಸಾಕು."

ನಿಲ್ಲುತ್ತೇನೆ ಎಂದು ಮಾತು ಕೊಟ್ಟೆ. ಆಗ ಹೆರಿಗೆ ಕೋಣೆಗೆ ಗಂಡಸರನ್ನು ಬಿಡುತ್ತಿರಲಿಲ್ಲ. ಆದರೆ ಅಲ್ಲಿನ ಡಾಕ್ಟರಮ್ಮನ ಮಗಳ ಮದುವೆಗೆ ಫೋಟೋ ತೆಗೆದವನು ನಾನೇ. ಹೋಗಿ ಕೇಳಿದೆ.

"ತಾಯಿ ಇಲ್ಲದ ಹುಡುಗಿ ಅಂತ ಒಪ್ತಿದೀನಿ," ಎಂದರು. "ತಲೆ ಹತ್ರ ನಿಂತ್ಕೊಂಡು ಕೈ ಹಿಡ್ಕೊಳ್ಳಿ. ಬೇಕಿದ್ರೆ ಒಂದೆರಡು ಫೋಟೋ ತೆಗೀರಿ. ಫ್ಲ್ಯಾಶ್ ಬೇಡ."

ಒಂದೆರಡು ಎಂದರು. ನಾನು ಎರಡು ರೋಲು ಇಟ್ಟುಕೊಂಡೆ.

ಬೆಳಗ್ಗೆ ಹತ್ತೂವರೆಗೆ ಕೋಣೆಯೊಳಗೆ ಕಾಲಿಟ್ಟೆ. ಮೊದಲು ಸಿಟ್ಟು ಬಂದದ್ದು ಬೆಳಕಿನ ಮೇಲೆ. ಇದ್ದದ್ದೇ ಎರಡು ಟ್ಯೂಬ್‌ಲೈಟು, ಅದರಲ್ಲಿ ಒಂದು ಕಣ್ಣು ಹೊಡೆಯುತ್ತಿತ್ತು. ಇಂಥ ಬೆಳಕಿನಲ್ಲಿ ಮಕ್ಕಳಾದರೂ ಹೇಗೆ ಹುಟ್ಟಬೇಕು? ಆಮೇಲೆ ಸಿಟ್ಟು ಬಂದದ್ದು ಆಯಾ ಮೇಲೆ. ಮರ್ಫಿ ಟೌನಿನ ಆ ಮೇರಿಯಮ್ಮ ಬಿಸಿನೀರು ಹಿಡಿದುಕೊಂಡು ನನ್ನ ಫ್ರೇಮಿನ ನಟ್ಟನಡುವೆಯೇ ಓಡಾಡುತ್ತಿದ್ದಳು.

"ಸ್ವಲ್ಪ ಪಕ್ಕಕ್ಕೆ ಬನ್ನಿಮ್ಮಾ," ಎಂದೆ.

"ಏನ್ ಸಾರ್, ಇದೇನ್ ಕಲ್ಯಾಣ ಮಂಟಪನಾ? ಪಾಪ, ಆ ಹುಡ್ಗಿ ಕೈ ಹಿಡ್ಕೊ ಸಾರ್," ಎಂದಳು ಮೇರಿಯಮ್ಮ.

ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಶರಣಮ್ಮನ ಮೇಲೆ. ನಾನು ಫೋಕಸ್ ಮಾಡಿದಾಗಲೆಲ್ಲ ಬಲಗೈ ಚಾಚಿ ಲೆನ್ಸಿಗೆ ಅಡ್ಡ ಹಿಡಿಯುತ್ತಿದ್ದಳು. ನಾಚಿಕೆ ಇರಬೇಕು ಎಂದುಕೊಂಡೆ. ಎಂಥೆಂಥ ನಾಚುವ ಮದುಮಗಳನ್ನು ದಾರಿಗೆ ತಂದವನು ನಾನು! ಒಂದು ಹೆಜ್ಜೆ ಹಿಂದೆ ಸರಿದೆ. ಕೈ ಮತ್ತೆ ಬಂತು. ಇನ್ನೊಂದು ಹೆಜ್ಜೆ ಸರಿದೆ. ಹೀಗೇ ಸರಿದು ಸರಿದು ಬೆನ್ನಿಗೆ ಗೋಡೆ ತಾಗಿತು. ಆಮೇಲೆ ಕೈ ಬರುವುದು ನಿಂತಿತು. ಗೆದ್ದೆ ಎಂದುಕೊಂಡೆ.

"ಗದ್ದ ಸ್ವಲ್ಪ ಮೇಲೆ," ಎಂದೆ. ಅಭ್ಯಾಸ ಬಲ.

"ಬೆಂಕಿ ಹಚ್ಚ್ರಿ ನಿಮ್ ಕ್ಯಾಮೆರಾಕ್ಕ," ಎಂದು ಶರಣಮ್ಮ ಕಿರುಚಿದಳು.

ಮದುವೆಯಾದ ಮೇಲೆ ಅವಳು ನನ್ನ ಮೇಲೆ ದನಿ ಎತ್ತಿದ್ದು ಅದೇ ಮೊದಲು. ನೋವಿನಲ್ಲಿ ಎಲ್ಲರೂ ಹೀಗೆಯೇ ಎಂದು ಉದಾರವಾಗಿ ಕ್ಷಮಿಸಿ, ಕ್ಲಿಕ್ ಮಾಡಿದೆ. ಅದು ಮೂವತ್ತಾರನೆಯದು. ರೋಲ್ ಮುಗಿಯಿತು.

ಅದೇ ಹೊತ್ತಿಗೆ ಡಾಕ್ಟರಮ್ಮ, "ತಲೆ ಕಾಣ್ತಿದೆ, ಜೋರಾಗಿ ಮುಕ್ಕಮ್ಮ," ಎಂದರು.

ನಾನು ಕೈ ಎತ್ತಿ, ಹನ್ನೊಂದು ವರ್ಷದ ಅಧಿಕಾರದಿಂದ ಹೇಳಿದೆ: "ಒಂದ್ನಿಮಿಷ ತಡೀರಿ ಡಾಕ್ಟ್ರೇ, ರೋಲ್ ಹಾಕ್ತೀನಿ."

ಎಲ್ಲರೂ ನನ್ನತ್ತ ತಿರುಗಿ ನೋಡಿದರು. ಸರಿ, ತಡೆಯುತ್ತಾರೆ ಎಂದು ತಿಳಿದು ನಾನು ಗೋಡೆಯ ಕಡೆ ತಿರುಗಿ ರೋಲ್ ಹಾಕತೊಡಗಿದೆ. ಕ್ಯಾಮೆರಾ ಮುಚ್ಚಳ ಟಕ್ ಎಂದು ಕೂತಿತು. ಬೆನ್ನ ಹಿಂದೆ ಮಗು ಅತ್ತಿತು. ಯಾವ ಪುರೋಹಿತರೂ ಮಾಡದ ಅವಮಾನವನ್ನು ನನ್ನ ಸ್ವಂತ ಮಗಳು ಮಾಡಿದ್ದಳು.

ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. "ಡಾಕ್ಟ್ರೇ, ಇನ್ನೊಂದ್ಸಲ..." ಎಂದುಬಿಟ್ಟೆ. ಮಗುವನ್ನು ಇನ್ನೊಂದು ಸಲ ಎತ್ತಿ ಹಿಡಿಯಲಿ ಎಂದಷ್ಟೇ ನನ್ನ ವಿನಂತಿ. ವಿವರಿಸಲು ಅವಕಾಶ ಸಿಗಲಿಲ್ಲ.

"ಇವರನ್ನ ಆಚೆ ಕಳ್ಸಿ," ಎಂದರು ಡಾಕ್ಟರಮ್ಮ.

ಕಾರಿಡಾರಿನ ಬೆಂಚಿನ ಮೇಲೆ ಒಂದು ಗಂಟೆ ಹಲ್ಲು ಕಡಿಯುತ್ತ ಕೂತೆ. ಗಂಡನಿಗೆ ಮರ್ಯಾದೆ ಇಲ್ಲ, ಕಲೆಗೆ ಬೆಲೆ ಇಲ್ಲ, ಸರಿಯಾದ ಟ್ಯೂಬ್‌ಲೈಟು ಕೂಡ ಇಲ್ಲ.

ಒಂದು ವಾರದ ಮೇಲೆ ಕಲರ್ ಲ್ಯಾಬಿನಿಂದ ಪ್ರಿಂಟ್ ಬಂದವು. ಸ್ಟುಡಿಯೋದ ಮೇಜಿನ ಮೇಲೆ ಒಂದೊಂದಾಗಿ ಹರಡಿದೆ. ಮೊದಲನೆಯದರಲ್ಲಿ ಶರಣಮ್ಮನ ಕೈ ನನ್ನ ಕಡೆ ಚಾಚಿತ್ತು. ಅಂಗೈ ಮೇಲಾಗಿತ್ತು. ಅಡ್ಡ ಹಿಡಿಯುವವರು ಯಾರೂ ಅಂಗೈ ಮೇಲೆ ಮಾಡುವುದಿಲ್ಲ. ಎರಡನೆಯದರಲ್ಲೂ ಹಾಗೇ. ಹತ್ತನೆಯದರಲ್ಲಿ ಅವಳು ಚಿಕ್ಕದಾಗಿ ಕಾಣುತ್ತಿದ್ದಳು; ನಾನು ಹಿಂದೆ ಸರಿದಿದ್ದೆ. ಇಪ್ಪತ್ತರ ಹೊತ್ತಿಗೆ ಇನ್ನೂ ದೂರ. ಕೈ ಆಗಲೂ ಚಾಚಿಯೇ ಇತ್ತು. ಕೊನೆಯ ಎಂಟು ಫೋಟೋಗಳಲ್ಲಿ ಆ ಕೈಯನ್ನು ಮೇರಿಯಮ್ಮ ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಅದು ನನ್ನ ಕಣ್ಣೆದುರೇ ನಡೆದಿತ್ತು. ನಾನು ಫೋಕಸ್ ನೋಡುತ್ತಿದ್ದೆ.

ಅವತ್ತಿನ ಅಷ್ಟೂ ಸಿಟ್ಟು ತಿರುಗಿ ನನ್ನ ಮೇಲೇ ಬಂತು. ಕೆನ್ನೆಗೆ ಎರಡು ಹಾಕಿಕೊಳ್ಳೋಣ ಎಂದರೆ ಪಾಸ್‌ಪೋರ್ಟ್ ಫೋಟೋಕ್ಕೆ ಬಂದ ಗಿರಾಕಿ ಎದುರಿಗೇ ಕೂತಿದ್ದರು.

ಫೋಟೋಗಳ ಕವರನ್ನು ಬಚ್ಚಿಡಬೇಕು ಎಂದುಕೊಂಡಿದ್ದೆ. ಮನೆಗೆ ಹೋದ ಕೂಡಲೇ ಶರಣಮ್ಮ ಕೈ ನೀಡಿ ಇಸಿದುಕೊಂಡಳು. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಮೂವತ್ತಾರನ್ನೂ ನೋಡಿದಳು, ಒಂದನ್ನೂ ಬಿಡಲಿಲ್ಲ. ನಾನು ಬೈಗುಳಕ್ಕೆ ಸಿದ್ಧನಾಗಿ ನಿಂತಿದ್ದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಛಲೋ ಬಂದಾವ್ರಿ," ಎಂದಳು. "ಒಂದೂ ಅಳ್ಳಾಡಿಲ್ಲ. ನಿಮ್ ಕೈ ಒಟ್ಟ ನಡುಗಿಲ್ಲ ನೋಡ್ರಿ."

ಇಷ್ಟು ವರ್ಷದಲ್ಲಿ ನನ್ನ ಕೆಲಸವನ್ನು ಯಾರೂ ಹೀಗೆ ಹೊಗಳಿರಲಿಲ್ಲ. ನಾನು ವಾಪಸ್ ಸ್ಟುಡಿಯೋಗೆ ಹೋಗಿ, ಡಾರ್ಕ್ ರೂಮಿನ ಬಾಗಿಲು ಹಾಕಿಕೊಂಡು ಕೂತೆ. ತೊಳೆಯುವುದಕ್ಕೆ ಅಲ್ಲಿ ಒಂದು ಫೋಟೋ ಕೂಡ ಇರಲಿಲ್ಲ.