ಅಣ್ಣನ ಗಾಡಿಗೆ ಬೂಷ್ಟು ಹಿಡಿದ ಚಳಿಗಾಲ

ಅಂಜುಬುರುಕರ ಮನೆಗೇ ಅಂಜಿಕೆಯ ಸಂಗತಿಗಳು ಹುಡುಕಿಕೊಂಡು ಬರುತ್ತವೆ. ನಮ್ಮ ಮನೆಯ ವಿಳಾಸ ಅವಕ್ಕೆ ಬಾಯಿಪಾಠ. ಹೋದ ಚಳಿಗಾಲದಲ್ಲಿ ಬಂದದ್ದು ಅಣ್ಣನ ಕಾರಿನ ರೂಪದಲ್ಲಿ.

ಅಣ್ಣನದು ಸೊಲ್ಲಾಪುರದಲ್ಲಿ ಚಾದರಿನ ಅಂಗಡಿ. ಮಂಡಿ ಆಪರೇಶನ್‌ಗೆ ಹೋಗುವ ಮುಂಚೆ, ಗಲ್ಲಿಯಲ್ಲಿ ಬಿಟ್ಟರೆ ಯಾರಾದರೂ ತರಚುತ್ತಾರೆಂದು ಕಾರನ್ನು ಅಕ್ಕಲಕೋಟೆ ಹತ್ತಿರದ ನಮ್ಮ ತೋಟದ ಮನೆಗೆ ತಂದು ನಿಲ್ಲಿಸಿದ. ಸಂಕ್ರಾಂತಿಗೆ ಒಯ್ಯುತ್ತೇನೆ ಎಂದ. "ಇದಕ್ಕ ಏನರೆ ಆತಂದ್ರ ನೋಡು" ಎಂದೂ ಹೇಳಿದ. ಏನು ನೋಡಬೇಕೆಂದು ಹೇಳಲಿಲ್ಲ. ಅವನ ಸಿಟ್ಟನ್ನು ಚಿಕ್ಕಂದಿನಿಂದ ಉಂಡವನಿಗೆ ಹೇಳುವ ಅಗತ್ಯವೂ ಇರಲಿಲ್ಲ.

ಉಸಿರಾಡುವ ಕಾರು

ಒಂದು ಮುಂಜಾನೆ ಅಂಗಳದ ಕಸ ಹೊಡೆಯಲು ಹೋದ ಹೆಂಡತಿ ಕಸಬರಿಗೆ ಬಿಟ್ಟು ಓಡಿ ಬಂದಳು. ಕಾರಿನ ಗಾಜುಗಳೆಲ್ಲ ಮಂಜಾಗಿವೆ, ಅದೂ ಒಳಗಿನಿಂದ. ಯಾರೋ ಒಳಗೆ ಮಲಗಿ ಉಸಿರು ಬಿಡುತ್ತಿದ್ದಾರೆ ಎಂದಳು. ಪಕ್ಕದ ತೋಟದ ಕಾಕಾರನ್ನು ಮುಂದೆ ಮಾಡಿ, ನಾನು ಬಡಿಗೆ ಹಿಡಿದು ಅವರ ಹಿಂದೆ ನಿಂತು, ಒಳಗೆ ಯಾರಿದ್ದೀರಿ, ದಯಮಾಡಿ ಹೊರಗೆ ಬನ್ನಿ ಎಂದು ಕೂಗಿದೆ.

ಕಾಕಾ ಬಾಗಿಲು ತೆಗೆದರೆ ಯಾರೂ ಇಲ್ಲ. ಮಳೆಗಾಲದಲ್ಲಿ ನೆನೆದ ಕಾಲಡಿಯ ಮ್ಯಾಟು ಇನ್ನೂ ಹಸಿ ಇತ್ತು. ಆ ಹಸಿಯೇ ರಾತ್ರಿಯ ಚಳಿಗೆ ಗಾಜಿಗೆ ಹತ್ತಿತ್ತು. ಕಳ್ಳನಿಗೂ ಬಹುವಚನವೇ ಎಂದು ಕಾಕಾ ಕೇಳಿದರು.

"ಅವರ ಕೈಯಾಗ ಏನದ ಅಂಬೂದು ಗೊತ್ತಾಗೂತನಾ ಮರ್ಯಾದಿ ಕೊಡೂದು ಚೊಲೊ, ಕಾಕಾ" ಎಂದೆ.

ನಿಂತುಹೋದ ಮುಖ

ಸೀಟುಗಳಿಗೆ ಬಿಳಿ ಬೂಷ್ಟು ಬಂದಿತ್ತು. ಕಳ್ಳನಿದ್ದರೇ ವಾಸಿಯಿತ್ತು ಎನ್ನಿಸಿತು. ಕಳ್ಳನನ್ನು ಪೊಲೀಸರಿಗೆ ಒಪ್ಪಿಸಬಹುದಿತ್ತು, ಬೂಷ್ಟಿಗೆ ಅಣ್ಣನ ಮುಂದೆ ನಾನೇ ನಿಲ್ಲಬೇಕು. ನಾಲ್ಕೂ ಬಾಗಿಲು ಬಿಸಿಲಿಗೆ ತೆರೆದಿಟ್ಟು, ಸೀಟಿನ ಕವರು ಒಗೆದು ಹಗ್ಗಕ್ಕೆ ಹಾಕಿದೆವು.

ಅಷ್ಟರಲ್ಲಿ ಅಣ್ಣನ ವಿಡಿಯೊ ಕಾಲ್. ಗಾಡಿ ತೋರಿಸು ಎಂದ. ಹೆದರಿಕೆಯಲ್ಲಿ ಒಂದೇ ಉಪಾಯ ಹೊಳೆಯಿತು. ನೆಟ್‌ವರ್ಕ್ ಹೋದಾಗ ಮುಖ ನಿಂತುಬಿಡುತ್ತದಲ್ಲ, ಹಾಗೆ ಬಾಯಿ ಅರ್ಧ ತೆರೆದು, ರೆಪ್ಪೆ ಬಡಿಯದೆ ನಿಂತೆ. ಅಣ್ಣ ಎರಡು ಸಲ ಹಲೋ ಎಂದ. ಆಮೇಲೆ ಶಾಂತವಾಗಿ ಕೇಳಿದ:

"ನೀ ಒಬ್ಬನ ಹ್ಯಾಂಗ ನಿಂತಿಯೋ? ಹಿಂದ ಎಮ್ಮಿ ಬಾಲ ಬೀಸಾಕತ್ತದ."

ಸೀಟಿನ ಕೆಳಗಿನ ಗಂಟು

ಗಾಡಿ ತೊಳೆಯುತ್ತಿದ್ದೇವೆ ಎಂದು ಹೇಳಿ ಅವತ್ತು ಪಾರಾದೆ. ಉಳಿದ ಹಸಿಗೆ ಗ್ಯಾರೇಜಿನವನು ಮದ್ದು ಹೇಳಿದ: ದಪ್ಪ ಉಪ್ಪು, ಇದ್ದಿಲು ಬಟ್ಟೆಯಲ್ಲಿ ಕಟ್ಟಿ ಸೀಟಿನ ಕೆಳಗಿಟ್ಟರೆ ಹೀರಿಕೊಳ್ಳುತ್ತದೆ. ಮನೆಯಲ್ಲಿ ಸಿಕ್ಕಿದ್ದು ಹೆಂಡತಿಯ ಹಳೆ ಕುಪ್ಪಸದ ಕರಿ ಬಟ್ಟೆ, ಕಟ್ಟಲು ಕೆಂಪು ದಾರ.

ಸಂಕ್ರಾಂತಿಗೆ ಅಣ್ಣ ಕೋಲೂರಿಕೊಂಡು, ಹೆಂಡತಿಯನ್ನೂ, ಅಂದರೆ ನಮ್ಮ ವೈನಿಯನ್ನೂ, ಕರೆದುಕೊಂಡು ಬಸ್ಸಿನಲ್ಲಿ ಬಂದ. ಸೀಟು ಒತ್ತಿ ನೋಡಿದ, ಮೂಸಿ ನೋಡಿದ. ಎಲ್ಲ ಒಣಗಿತ್ತು, ಅವನಿಗೆ ಬೈಯಲು ಏನೂ ಸಿಗಲಿಲ್ಲ. ಸೀಟು ಹಿಂದೆ ಸರಿಸಲೆಂದು ಕೆಳಗೆ ಕೈ ಹಾಕಿದ. ಗಂಟು ಕೈಗೆ ಬಂತು. ಬಿಚ್ಚಿ ನೋಡಿದರೆ ಉಪ್ಪು, ಇದ್ದಿಲು. ನಮ್ಮ ಕಡೆ ಇಂಥ ಗಂಟು ಕಂಡರೆ ಯಾರಿಗೂ ಹಸಿಯ ನೆನಪಾಗುವುದಿಲ್ಲ. ಭಾನಾಮತಿ, ಮಾಟ ಎಂದೇ ಲೆಕ್ಕ.

"ಯಾರು ಇಟ್ಟಾರ ಇದನ್ನ?" ಎಂದ ಸಣ್ಣ ದನಿಯಲ್ಲಿ.

"ನಾನ ಇಟ್ಟೀನಿ, ಅಣ್ಣಾ. ಹಸಿ ಹೋಗ್ಲಿ ಅಂತ."

ಅವನು ಒಂದು ಮಾತೂ ಬೈಯಲಿಲ್ಲ. ಬೈಯದಿದ್ದುದಕ್ಕೆ ನಾನು ಇನ್ನಷ್ಟು ಹೆದರಿದೆ. ಗಾಡಿ ಇಲ್ಲೇ ಇರಲಿ ಎಂದು ಚಾವಿ ಮತ್ತೆ ನನ್ನ ಕೈಗಿಟ್ಟು, ಕೋಲು ಅಲ್ಲೇ ಬಿಟ್ಟು, ಅವನು ಬಸ್ಸಿನ ದಾರಿ ಹಿಡಿದ ರಭಸಕ್ಕೆ ಹಿಂದೆ ವೈನಿ ಓಡಬೇಕಾಯಿತು.

ಕೆಲವು ದಿನದ ಮೇಲೆ ವೈನಿ ಫೋನ್ ಮಾಡಿದರು. ಅಣ್ಣನ ಸಿಟ್ಟು ಇಳಿಯಿತೇ ಎಂದು ಅಂಜುತ್ತಲೇ ಕೇಳಿದೆ. ಅವತ್ತಿನಿಂದ ಮನೆಯಲ್ಲಿ ಯಾರಿಗೂ ಬೈದಿಲ್ಲ, ಚಹಾ ಆರಿದ್ದರೂ ಸುಮ್ಮನೆ ಕುಡಿಯುತ್ತಾರೆ ಎಂದರು. ಆಮೇಲೆ ದನಿ ತಗ್ಗಿಸಿದರು:

"ಅಂಥಾದ ಇನ್ನೊಂದು ಗಂಟು ಕಟ್ಟಿ ಕಳಸ್ರಿ. ಪಲಂಗದ ಕೆಳಗ ಇಡ್ತೀನಿ."